ಪಾಳಿ ಇಲ್ಲದ ದಿನಗಳು

ನಾನು ಎಂ.ಎಸ್ಸಿ. ಮುಗಿಸುವುದು ಎಂದೂ ಆಗುವ ಮಾತಲ್ಲ ಅಂದವನು ನಮ್ಮ ದೊಡ್ಡಪ್ಪ. ಅಪ್ಪನ ಅಣ್ಣ, ಮನೆಗೆ ಹಿರಿಯ. ಸಿಟ್ಟಿನಿಂದ ಅಂದದ್ದಲ್ಲ. ಕಟ್ಟೆಯ ಮೇಲೆ ಕುಂತು ಎಲೆಗೆ ಸುಣ್ಣ ಹಚ್ಚುತ್ತ, ಇವತ್ತು ಬಿಸಿಲು ಜಾಸ್ತಿ ಅನ್ನುವಷ್ಟು ಸಹಜವಾಗಿ ಅಂದಿದ್ದ.

“ನಮ್ಮ ಮನಿತನದಾಗ ಹತ್ತನೇತ್ತಾ ದಾಟಿದವರು ಒಬ್ಬರರ ಅದಾರೇನು? ಅದೂ ಗಣಿತ ಅಂತ. ನಮ್ಮ ತಲಿ ಅದಕ್ಕ ಮಾಡಿದ್ದಲ್ಲ ತಂಗಿ. ನಿಮ್ಮಪ್ಪ ಇನ್ನೂ ಬೆರಳ ಮಡಚಿ ಎಣಸ್ತಾನ.”

“ಹೌದ, ನಮ್ಮಣ್ಣ ಪಾಟಿ ಹಿಡಕೊಂಡ ಎಣಸ್ತಾನ,” ಅಂದ ಅಪ್ಪ ಅಲ್ಲೇ ಎತ್ತಿನ ಹಗ್ಗ ಹೊಸೆಯುತ್ತ.

ನಮ್ಮೂರು ಸವದತ್ತಿ ತಾಲೂಕಿನದು, ಮನೋಳಿಯ ಹತ್ತಿರ, ಹೊಳೆಯಿಂದ ಕೂಗಳತೆಯಲ್ಲಿ. ಕನ್ನಡ ಸಾಲಿಯಲ್ಲಿ ಓದಿದವಳು ನಾನು. ಡಿಗ್ರಿಗೆ ಬಂದಾಗ ಗಣಿತದ ಪುಸ್ತಕವೆಲ್ಲ ಇಂಗ್ಲಿಷಿನಲ್ಲಿ. ಲೆಕ್ಕ ತಿಳಿಯುವುದಕ್ಕಿಂತ ಮೊದಲು ಲೆಕ್ಕದ ಭಾಷೆ ತಿಳಿಯಬೇಕಿತ್ತು. ಎಮ್ಮೆಯ ಹಾಲು ಹಿಂಡಿ, ರೊಟ್ಟಿ ಕಟ್ಟಿಕೊಂಡು, ಬಸ್ಸಿನಲ್ಲಿ ನಿಂತೇ ಶಬ್ದಕೋಶ ತಿರುವಿದವಳು ನಾನು. ಬಿ.ಎಸ್ಸಿ. ಪಾಸಾದೆ, ಧಾರವಾಡದಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ.ಗೆ ಸೀಟು ಸಿಕ್ಕಿತು. ಇದನ್ನು ಹೇಳುವಾಗ ನನಗೆ ಇವತ್ತಿಗೂ ಎದೆ ಉಬ್ಬುತ್ತದೆ. ಅದನ್ನು ಮುಚ್ಚಿಡುವವಳಲ್ಲ ನಾನು.

ಆಗುವ ಮಾತಲ್ಲ ಅಂದ ದೊಡ್ಡಪ್ಪನೇ ಸೋಮವಾರ ಮುಂಜಾನೆ ಬೈಕಿನ ಮೇಲೆ ನನ್ನನ್ನು ಸವದತ್ತಿ ಬಸ್ ಸ್ಟ್ಯಾಂಡಿಗೆ ಬಿಟ್ಟು ಬರುತ್ತಿದ್ದ. ಹಾಸ್ಟೆಲ್ಲಿಗೆ ಅಂತ ಅವ್ವ ಕಟ್ಟಿಕೊಟ್ಟ ರೊಟ್ಟಿಗೆ ನೆಂಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿಯನ್ನು ಬಸ್ಸು ಹೊರಡುವವರೆಗೆ ತಾನೇ ಹಿಡಿದುಕೊಂಡು ನಿಲ್ಲುತ್ತಿದ್ದ. ಕಂಡಕ್ಟರನಿಗೆ, “ನಮ್ಮ ಹುಡುಗಿ, ಲೆಕ್ಕ ಓದಾಕ ಹೊಂಟಾಳ, ಸೀಟ ನೋಡಿ ಕುಂದರಸ್ರಿ” ಅನ್ನುತ್ತಿದ್ದ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಮ್ಮ ಸರ್ ಒಂದು ವಿಷಯ ಕೊಟ್ಟರು. ರಾಷ್ಟ್ರಮಟ್ಟದ ಸಮೀಕ್ಷೆಯ ಅಂಕಿಗಳನ್ನು ಇಟ್ಟುಕೊಂಡು ಜನ ಎಷ್ಟು ದಿನಕ್ಕೊಮ್ಮೆ ಗಾಂಜಾ ಸೇದುತ್ತಾರೆ ಎಂದು ಅಂದಾಜು ಮಾಡುವುದು. ಮನೆಗೆ ಬಂದು ಹೇಳಿದೆ. ಅವ್ವ ಗಾಬರಿಯಾದಳು. ದೊಡ್ಡಪ್ಪ ನಕ್ಕ.

“ಗಾಂಜಾದ ಲೆಕ್ಕಾ? ಅದು ಪೊಲೀಸರ ಕೆಲಸ ಅಲ್ಲೇನವ್ವಾ? ನಿನಗ ಲಾಠಿನೂ ಕೊಡತಾರೇನು?”

“ಹೆಸರು ಯಾರದೂ ಇರಂಗಿಲ್ಲ ದೊಡ್ಡಪ್ಪಾ. ಬರೇ ಅಂಕಿ.”

“ಹೆಸರಿಲ್ಲದ ಮಂದೀನ ಏನ ಎಣಸ್ತೀಯೋ,” ಅಂತ ಎದ್ದು ಹೋದ.

ಆ ಕಡತವನ್ನು ಕಂಪ್ಯೂಟರಿನಲ್ಲಿ ತೆರೆದಾಗ ನಿಜವಾಗಿ ಅಲ್ಲಿ ಮನುಷ್ಯರಿರಲಿಲ್ಲ, ಸಾಲುಗಳಿದ್ದವು. ಒಂದು ಸಾಲು ಅಂದರೆ ಒಬ್ಬ ಮನುಷ್ಯ. ವಯಸ್ಸು, ಹೆಣ್ಣೋ ಗಂಡೋ, ಹಳ್ಳಿಯೋ ಪಟ್ಟಣವೋ. ಕೊನೆಗೆ ಒಂದು ಖಾನೆ: ಕಳೆದ ಮೂವತ್ತು ದಿನಗಳಲ್ಲಿ ಎಷ್ಟು ದಿನ ಸೇದಿದಿರಿ? ಎಲ್ಲರ ಮನೆಗೂ ಹೋಗಿ ಕೇಳಲು ಆಗುವುದಿಲ್ಲ. ಅದಕ್ಕೇ ಒಂದೊಂದು ಸಾಲಿಗೂ ಒಂದು ತೂಕ ಕೊಟ್ಟಿರುತ್ತಾರೆ. ಈ ಒಬ್ಬ ಮನುಷ್ಯ ತನ್ನಂಥ ಸಾವಿರಾರು ಜನರ ಪರವಾಗಿ ಉತ್ತರ ಕೊಟ್ಟಿದ್ದಾನೆ ಅಂತ ಅದರ ಅರ್ಥ. ಅವನು ಒಂದು ಅಂಕಿ ತಪ್ಪು ಹೇಳಿದರೆ ಸಾವಿರಾರು ಜನ ತಪ್ಪು ಹೇಳಿದ ಹಾಗೆ.

“ಯಾರು ಸೇದ್ತಾರ ಅನ್ನೋದಕ್ಕಿಂತ ಎಷ್ಟು ದಿನ ಸೇದ್ತಾರ ಅನ್ನೋದು ದೊಡ್ಡದು,” ಅನ್ನುತ್ತಿದ್ದರು ಸರ್. “ಅಮಾವಾಸಿಗೊಮ್ಮೆ ಸೇದೋವ್ನ ಸಮಸ್ಯಾ ಬ್ಯಾರೆ, ದಿನಾ ಸೇದೋವ್ನ ಸಮಸ್ಯಾ ಬ್ಯಾರೆ. ಎಲ್ಲೆ ದವಾಖಾನಿ ಬೇಕು, ಎಷ್ಟು ಡಾಕ್ಟರು ಬೇಕು ಅನ್ನೋದು ಈ ಒಂದ ಖಾನೇದ ಮ್ಯಾಲ ನಿಂತದ.”

ನಮ್ಮೂರಿನ ಹೊರಗೆ, ಹೊಳೆಯ ದಂಡೆಗೆ ಒಂದು ಹಳೆಯ ಗದ್ದುಗೆ ಇದೆ. ಸಂಜೆ ಅಲ್ಲಿ ಭಜನೆ. ಭಜನೆ ಮುಗಿದ ಮೇಲೆ ಹಿರಿಯರು ಸಾಲಾಗಿ ಕುಂತು ಗಾಂಜಾದ ಚಿಲುಮೆ ಹಚ್ಚುತ್ತಿದ್ದರು. ಊರಿಗೆಲ್ಲ ಗೊತ್ತಿದ್ದದ್ದೇ. ಅದನ್ನು ಯಾರೂ ಚಟ ಅನ್ನುತ್ತಿರಲಿಲ್ಲ. ಹೊಗೆಸೊಪ್ಪು, ಸಾರಾಯಿ ಚಟ; ಇದು ದೇವರ ಕಡೆಯ ಮಾತು. ನಾನಿನ್ನೂ ಸಣ್ಣವಳಿದ್ದಾಗ, ದೊಡ್ಡವ್ವ ತೀರಿಕೊಂಡ ಮೇಲೆ, ದೊಡ್ಡಪ್ಪ ಆ ಸಾಲಿಗೆ ಹೋಗಿ ಕುಂತ. ಮನೆಯಲ್ಲಿ ಯಾರೂ ಏನೂ ಅನ್ನಲಿಲ್ಲ. ಮಕ್ಕಳಿಲ್ಲದ ಮನುಷ್ಯ, ಸಂಜೆ ಹೊತ್ತು ಎಲ್ಲಿ ಕಳೀಬೇಕು ಅಂತ ಅವ್ವನೇ ಅನ್ನುತ್ತಿದ್ದಳು.

ನಾನು ಪ್ರಾಜೆಕ್ಟು ಹಿಡಿದ ವರ್ಷವೇ ಅವನಿಗೆ ವಾಂತಿ ಶುರುವಾಯಿತು. ತಿಂದದ್ದು ನಿಲ್ಲುತ್ತಿರಲಿಲ್ಲ, ಕುಡಿದ ನೀರೂ ನಿಲ್ಲುತ್ತಿರಲಿಲ್ಲ. ಹೊಟ್ಟೆ ಹಿಡಿದುಕೊಂಡು ಮುದುಡಿ ಬೀಳುತ್ತಿದ್ದ. ಒಂದೇ ಒಂದು ಆಸರೆ ಅಂದರೆ ಬಿಸಿನೀರು. ಬಚ್ಚಲಿಗೆ ಹೋಗಿ ಸುಡುಸುಡು ನೀರು ಹೊಟ್ಟೆಯ ಮೇಲೆ ಹುಯ್ದುಕೊಂಡರೆ ಅಷ್ಟು ಹೊತ್ತು ಸಮಾಧಾನ. ನೀರು ಆರಿತು, ಮತ್ತೆ ವಾಂತಿ. ಬೇಸಿಗೆಯಲ್ಲಿ, ಮಂದಿಯೆಲ್ಲ ನೆರಳು ಹುಡುಕುವಾಗ, ನಮ್ಮ ಬಚ್ಚಲಿನ ಒಲೆ ಆರುತ್ತಿರಲಿಲ್ಲ. ಹಿತ್ತಲಲ್ಲಿ ಒಟ್ಟಿದ್ದ ಹತ್ತಿಕಟಿಗೆಯ ಬಣವೆ ಕರಗುತ್ತ ಬಂತು.

“ಭಾವಾರ, ಇನ್ನೊಂದೀಟ ದಿವಸಕ್ಕ ತೊಲಿ ಕಿತ್ತ ಉರಿ ಹಚ್ಚಬೇಕಾಕ್ಕೈತಿ ನೋಡ್ರಿ,” ಅನ್ನುತ್ತಿದ್ದಳು ಅವ್ವ. ನಗಿಸಲು ಅನ್ನುತ್ತಿದ್ದಳು. ಒಳಗೆ ಹೋಗಿ ಸೆರಗು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು.

ಬೈಲಹೊಂಗಲದ ಒಬ್ಬ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಹೊಟ್ಟೆಯೊಳಗೆ ಪೈಪು ಬಿಟ್ಟು ನೋಡಿದರು, ಸ್ಕ್ಯಾನು ಮಾಡಿಸಿದರು. ಹುಣ್ಣಿಲ್ಲ, ಗಡ್ಡೆಯಿಲ್ಲ. ಡಾಕ್ಟರು ವಯಸ್ಸಿನಲ್ಲಿ ಸಣ್ಣವರು, ಅವಸರ ಮಾಡುವವರಲ್ಲ. ಬಿಸಿನೀರಿನ ಮಾತು ಬಂದಾಗ ತಲೆ ಎತ್ತಿದರು.

“ಕಾಕಾರ, ಗಾಂಜಾ ಏನರ ಸೇದತೀರೇನ್ರಿ? ಸಂಕೋಚ ಮಾಡಬ್ಯಾಡ್ರಿ. ನಾ ಯಾರಿಗೂ ಹೇಳಂಗಿಲ್ಲ.”

“ಸೇದತೇನ್ರಿ. ಗದ್ದಿಗಿ ಮುಂದ,” ಅಂದ ದೊಡ್ಡಪ್ಪ. ಮುಚ್ಚಿಡಲಿಲ್ಲ.

“ತಿಂಗಳಿಗೆ ಎಷ್ಟ ಸಲ?”

“ಮೂರ ಸಲಾರಿ.”

ಡಾಕ್ಟರು ಪೆನ್ನು ಕೆಳಗಿಟ್ಟರು. ದಿನಾ ಸೇದುವವರಿಗೆ, ಅದೂ ಬಹಳ ವರ್ಷ ಸೇದಿದವರಿಗೆ, ಇಂಥ ವಾಂತಿ ಬರುತ್ತದೆ, ಅವರಿಗೂ ಹೀಗೇ ಬಿಸಿನೀರು ಬೇಕಾಗುತ್ತದೆ, ಆದರೆ ತಿಂಗಳಿಗೆ ಮೂರು ಸಲಕ್ಕೆ ಹೀಗಾಗುವುದಿಲ್ಲ ಅಂತ ನನಗೆ ತಿಳಿಸಿ ಹೇಳಿದರು. ಪಿತ್ತಕ್ಕೆ ಗುಳಿಗೆ ಬರೆದುಕೊಟ್ಟರು. ನಾನೂ ಒಪ್ಪಿದೆ. ಮೂರು ಅನ್ನುವುದು ಸಣ್ಣ ಅಂಕಿ. ಮೂರು ಅಂತ ಬರೆಸಿದವರನ್ನು ನನ್ನ ಕಡತದಲ್ಲಿ ನಾನೇ ‘ಅಪರೂಪಕ್ಕೆ ಸೇದುವವರು’ ಎಂಬ ಗುಂಪಿಗೆ ಹಾಕಿದ್ದೆ.

ಗುಳಿಗೆ ನುಂಗಿ ಒಂದು ತಿಂಗಳಾದರೂ ವಾಂತಿ ನಿಲ್ಲಲಿಲ್ಲ.

ಆ ಹೊತ್ತಿಗೆ ಸರ್ ಇನ್ನೊಂದು ಕೆಲಸ ಹೇಳಿದರು. ಸಮೀಕ್ಷೆಯ ಪ್ರಶ್ನೆಯನ್ನು ನಿಮ್ಮ ಕಡೆಯ ಮಾತಿನಲ್ಲಿ ನಾಲ್ಕು ಮಂದಿಗೆ ಕೇಳಿ ಬಾ, ಅವರು ಹೇಗೆ ಎಣಿಸುತ್ತಾರೆ ನೋಡು ಅಂದರು. ಹೆಣ್ಣುಮಗಳು ಇಂಥದ್ದನ್ನು ದಾರಿಯಲ್ಲಿ ಹೋಗುವವರಿಗೆ ಕೇಳುವ ಹಾಗಿಲ್ಲ, ಗುರುತಿನ ಮನೆಗಳಿಗೇ ಹೋದೆ. ಹಾಸ್ಟೆಲ್ಲಿನ ಗೆಳತಿಯೊಬ್ಬಳ ಮನೆ ಕಿತ್ತೂರಿನಲ್ಲಿ. ಅವಳ ಅಜ್ಜ ಎರಡು ಸಲ ಅಂದ. ಪ್ರಶ್ನೆ ಬಾಯಿಂದ ಬೀಳುವುದೇ ತಡ, ಉತ್ತರ ಬಂತು.

“ಅಜ್ಜಾರ, ಇಷ್ಟ ಲಗೂ ಹೆಂಗ ನೆನಪಾತ್ರಿ?”

“ನೆನಪ ಇಡೋದೇನೈತಿ ಅದರಾಗ? ಎರಡ ಅಂದ್ರ ಎರಡ.”

ನನಗೆ ಅದೇ ಸರಿ ಅನಿಸಲಿಲ್ಲ. ಹೋದ ತಿಂಗಳು ಎಷ್ಟು ದಿನ ತಲೆಗೆ ಎಣ್ಣೆ ಹಚ್ಚಿದೆ ಅಂತ ಯಾರಾದರೂ ಕೇಳಿದರೆ ನಾನು ತಡವರಿಸುತ್ತೇನೆ. ನಿಜವಾಗಿ ನೆನಪು ಮಾಡಿಕೊಳ್ಳುವವರು ತಡವರಿಸಲೇಬೇಕು. ಈ ಅಜ್ಜ ಬೇರೆ ಏನನ್ನೋ ಎಣಿಸುತ್ತಿದ್ದಾನೆ.

ಅದೇನು ಅಂತ ತಿಳಿದದ್ದು ರಾಮದುರ್ಗದಲ್ಲಿ. ಅವ್ವನ ತಮ್ಮ, ನನ್ನ ಸೋದರಮಾವ, ಅಲ್ಲಿ ಮಗ್ಗ ನಡೆಸುತ್ತಾನೆ. ನಾನು ಹೋದಾಗ ಮಗ್ಗ ಬಂದ್ ಮಾಡಿ, ಕೈಗೆ ಅಂಟಿದ ನೂಲಿನ ಧೂಳು ಕೊಡವುತ್ತ ಹೊರಗೆ ಬಂದ. ಪ್ರಶ್ನೆ ಕೇಳಿದೆ.

“ಮೂರ ಸಲ,” ಅಂದ. “ಯಾಕ, ಹಿಡದ ಒಳಗ ಹಾಕಸ್ತೀಯೇನು?”

“ಇಲ್ಲ ಮಾವಾ. ಮೂರ ಅಂತ ಹೆಂಗ ಅಷ್ಟ ಖಾತ್ರಿ?”

“ನಾವು ಹತ್ತ ಮಂದಿ ಅದೇವಿ. ಪಾಳಿ ಹಚ್ಚೇವಿ. ಒಬ್ಬೊಬ್ಬರು ಒಂದೊಂದ ದಿನಾ ಗಾಂಜಾ ಸೊಪ್ಪು ತರಬೇಕು. ತಿಂಗಳದಾಗ ಮೂರ ಸಲಾ ನಂದ ಬರತೈತಿ.”

“ಉಳದ ದಿನಾ ಅಲ್ಲಿಗೆ ಹೋಗಂಗಿಲ್ಲೇನು?”

“ಹೋಗಲಾರದ ಮತ್ತ? ದಿನಾ ಹೋಗತೇನಿ.”

“ಹೋಗಿ ಸುಮ್ನ ಕುಂತಿರತೀಯೇನು?”

ಮಾವ ನನ್ನನ್ನು ದಡ್ಡಿಯನ್ನು ನೋಡಿದ ಹಾಗೆ ನೋಡಿದ. “ಕೊಟ್ರ ಒಲ್ಲೆ ಅನ್ನಾಕ ಬರತೈತೇನಬೇ? ಅದು ಅವರ ಪಾಳಿ. ಅವರ ಲೆಕ್ಕಕ್ಕ. ಇವತ್ತ ನೀ ನಮ್ಮ ಮನ್ಯಾಗ ಉಂಡಿ ಅಂದ್ರ ನಿಮ್ಮ ಮನ್ಯಾಗಿನ ಜ್ವಾಳ ಖರ್ಚ ಆತೇನು?”

ಅವನ ಮಾತಿನಲ್ಲಿ ಸುಳ್ಳಿರಲಿಲ್ಲ. ನಾವು ಹಾಗೇ ಎಣಿಸುತ್ತೇವೆ. ಬೀಗರ ಮನೆಯಲ್ಲಿ ನಾಲ್ಕು ಹೋಳಿಗೆ ಉಂಡು ಬಂದವನು, ಏನು ಉಂಡಿ ಅಂದರೆ, ಏನೂ ಇಲ್ಲ, ಅವರು ಒತ್ತಾಯ ಮಾಡಿ ಎರಡು ನೀಡಿದರು ಅನ್ನುತ್ತಾನೆ. ಕೊಟ್ಟವನದು ಲೆಕ್ಕ, ಇಸಕೊಂಡವನದು ಮರ್ಯಾದೆ. ಹತ್ತು ಮಂದಿ, ಒಬ್ಬೊಬ್ಬರದು ಮೂರು ದಿನ. ಹತ್ತೂ ಮಂದಿ ಮೂವತ್ತೂ ದಿನ ಸೇದಿದ್ದಾರೆ, ಮನೆಬಾಗಿಲಿಗೆ ಬಂದವರಿಗೆ ಹತ್ತೂ ಮಂದಿ ಮೂರು ಅಂತ ಹೇಳುತ್ತಾರೆ. ಮಾವ ಚಹಾ ತಂದು ಮುಂದಿಟ್ಟಿದ್ದ. ಕುಡಿಯಲು ಆಗಲಿಲ್ಲ. ನನ್ನ ಕಣ್ಣ ಮುಂದೆ ಕಡತದ ಸಾಲುಗಳಿರಲಿಲ್ಲ, ಬೈಲಹೊಂಗಲದ ಡಾಕ್ಟರ ಮುಂದೆ ಕುಂತು ಮೂರು ಅಂದ ದೊಡ್ಡಪ್ಪ ಇದ್ದ.

ಮನೆಗೆ ಬಂದು ಅವನನ್ನು ಕೇಳಿದೆ. ನಿಮ್ಮ ಪಾಳಿ ಎಷ್ಟು ಮಂದಿಯದು ಅಂದೆ. “ನಮ್ಮದೂ ಹತ್ತು,” ಅಂದ. ದಿನಾ ಹೋಗತೀಯಲ್ಲ, ದಿನಾ ಸೇದತೀಯಲ್ಲ ಅಂದೆ. “ಸೇದತೇನಿ ಅಲ್ಲ, ಕೊಡತಾರ,” ಅಂದ. ನಾನು ಎಷ್ಟು ಬಿಡಿಸಿ ಹೇಳಿದರೂ ಅವನು ಅದನ್ನು ತನ್ನ ಮೇಲೆ ಹೊರಿಸಿದ ಅಪವಾದ ಅಂತಲೇ ತಿಳಿದ.

“ನಾ ಡಾಕ್ಟರ ಮುಂದ ಸುಳ್ಳ ಹೇಳೇನೇನು? ಹೇಳು. ಸುಳ್ಳ ಹೇಳೋದಿದ್ರ ಸೇದಂಗೇ ಇಲ್ಲ ಅಂತಿದ್ನಿ.”

ಮತ್ತೆ ಬೈಲಹೊಂಗಲಕ್ಕೆ ಹೋದೆವು. ಈ ಸಲ ನಾನೇ ಹೇಳಿದೆ, ಪಾಳಿಯ ಲೆಕ್ಕವನ್ನೆಲ್ಲ. ಡಾಕ್ಟರು ಮೊದಲು ನಕ್ಕರು, ಆಮೇಲೆ ನಗಲಿಲ್ಲ.

“ಕಾಕಾರ, ಇದಕ್ಕ ಒಂದ ಔಷಧ. ಪೂರಾ ಬಿಡಬೇಕು. ಬಿಟ್ರ ವಾಂತಿ ನಿಲ್ತಾವು. ಇಲ್ಲಾಂದ್ರ ಮೈಯಾಗಿನ ನೀರೆಲ್ಲ ಹೋಗಿ ಕಿಡ್ನಿಗೆ ಬರತೈತಿ. ಆಮ್ಯಾಲ ನನ್ನ ಕೈಯಾಗ ಏನೂ ಉಳಿಯಂಗಿಲ್ಲ.”

“ಬಿಡತೇನ್ರಿ ಸಾಹೇಬ್ರ,” ಅಂದ ದೊಡ್ಡಪ್ಪ. ಬಸ್ಸಿನಲ್ಲಿ ಸಂಗೊಳ್ಳಿಗೆ ಹೋಗುವ ಯಾರೋ ಗುರುತಿನವರು ಸಿಕ್ಕರು. ಅವರಿಗೂ ಅದನ್ನೇ ಹೇಳಿದ. “ಬಿಟ್ಟ ಬಿಟ್ಟೇನ್ರಿ. ನಮ್ಮ ಹುಡುಗಿ ಬಿಡಿಸಿದ್ಲು.” ನಾನು ಕಿಟಕಿಯ ಕಡೆ ಮುಖ ಮಾಡಿ ಕುಂತೆ. ಕಲಿತದ್ದು ಒಂದು ಕೆಲಸಕ್ಕೆ ಬಂತಲ್ಲ ಅನಿಸಿತ್ತು ಅವತ್ತು.

ಅವನು ಮಾತಿಗೆ ತಪ್ಪುವ ಮನುಷ್ಯನಲ್ಲ. ಮರುದಿನವೇ ಗದ್ದುಗೆಗೆ ಹೋಗಿ, ಎಲ್ಲರ ಎದುರು, ಇನ್ನು ಮುಂದೆ ನನ್ನ ಪಾಳಿ ಇಲ್ಲ ಅಂತ ಹೇಳಿ ಬಂದ. ಅವ್ವ ಬಸವಣ್ಣನ ಗುಡಿಗೆ ಕಾಯಿ ಒಡೆಸಿದಳು. ನಾನು ಧಾರವಾಡಕ್ಕೆ ಹೋದೆ. ಮುಂದಿನ ಸಲ ಊರಿಗೆ ಬಂದಾಗ ಬಚ್ಚಲಿನ ಒಲೆ ಉರಿಯುತ್ತಿತ್ತು.

“ಬಿಟ್ಟೇನಿ ಅಂದಿದ್ದಿಯಲ್ಲ ದೊಡ್ಡಪ್ಪಾ?”

“ಬಿಟ್ಟೇನಲ್ಲ. ಒಂದ ಪಾಳಿ ತಂದಿಲ್ಲ ನಾ. ಹೋಗಿ ಕೇಳು ಬೇಕಾದ್ರ.”

“ಮತ್ತ ಉಳದ ಒಂಬತ್ತ ಮಂದಿ ತಂದದ್ದು?”

ನನಗೆ ಇಷ್ಟು ಸಾದಾ ಮಾತು ಯಾಕೆ ತಿಳಿಯುವುದಿಲ್ಲ ಅಂತ ಬೇಸರದಿಂದ ನೋಡಿದ. ಈಗ ಯಾರಾದರೂ ಬಂದು ಕಳೆದ ತಿಂಗಳು ಎಷ್ಟು ದಿನ ಅಂತ ಕೇಳಿದರೆ ಸೊನ್ನೆ ಅನ್ನುತ್ತಾನೆ. ಎದೆ ತಟ್ಟಿ ಅನ್ನುತ್ತಾನೆ. ಕೇಳಿದವರು ಸೊನ್ನೆ ಅಂತ ಬರೆದುಕೊಂಡು ಹೋಗುತ್ತಾರೆ, ನನ್ನಂಥ ಒಬ್ಬಳು ಅದನ್ನು ಬಿಟ್ಟವರ ಗುಂಪಿಗೆ ಸೇರಿಸುತ್ತಾಳೆ.

ಅಪ್ಪನನ್ನು ಕಳಿಸಿದೆ, ಹೋಗಿ ಆ ಒಂಬತ್ತು ಮಂದಿಗೆ ಕೈ ಮುಗಿದು ಹೇಳು, ಅವನಿಗೆ ಕೊಡಬೇಡಿ ಅನ್ನು ಅಂತ. ಅಪ್ಪ ಹೋಗಿ ಬಂದು ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಕುಂತ.

“ಏನಂದ್ರು?”

“ಪಾಪ, ಅವರಿಗೂ ಕೆಟ್ಟ ಅನಿಸೇತಿ. ಆದ್ರ ಸಾಲಿನ್ಯಾಗ ಕುಂತವನ್ನ ದಾಟಿಸಿ ಮುಂದಿನವಗ ಕೊಡಾಕ ಬರಂಗಿಲ್ಲ ಅಂತಾರ. ಹಂಗ ದಾಟಿಸಿದ್ರ ಅಂವನ್ನ ಹೊರಗ ಹಾಕಿದಂಗ ಅಂತ. ಸಾಲಿನ್ಯಾಗ ಕುಂದರಬ್ಯಾಡ ಅಂತ ನೀವ ಹೇಳ್ರಿ ಅಂದ್ರು.” ಅಪ್ಪ ಟವೆಲ್ಲು ಮಡಚಿ ಹೆಗಲಿಗೆ ಹಾಕಿಕೊಂಡ. “ಅದನ್ನ ನಾ ಹೆಂಗ ಹೇಳ್ಲಿ ಅಣ್ಣಗ? ಮತ್ತೆಲ್ಲಿ ಕುಂದ್ರು ಅಂತ ಹೇಳ್ಲಿ?”

ನಾನು ಧಾರವಾಡದಲ್ಲಿ, ಅಪ್ಪ-ಅವ್ವ ಹೊಲದಲ್ಲಿ. ಸಂಜೆಗೆ ಅವನ ಪಕ್ಕ ಕುಂದರುವವರು ಆ ಒಂಬತ್ತು ಮಂದಿಯೇ.

ಸರ್‌ಗೆ ಎಲ್ಲವನ್ನೂ ಹೇಳಿದೆ, ದೊಡ್ಡಪ್ಪನ ಮಾತೊಂದನ್ನು ಬಿಟ್ಟು. ಅವರು ಕುರ್ಚಿ ಹತ್ತಿರ ಎಳೆದುಕೊಂಡು ಕೇಳಿದರು.

“ಛಲೋ ಹಿಡದಿ. ಖರೇನ ಛಲೋ ಹಿಡದಿ. ಆದ್ರ ಕಡತದಾಗ ಮೂರು ಅಂದವರೊಳಗ ಯಾರು ಪಾಳಿ ಎಣಿಸ್ಯಾರ, ಯಾರು ಖರೇ ದಿನ ಎಣಿಸ್ಯಾರ, ಹೆಂಗ ಗೊತ್ತು ಮಾಡ್ತಿ?”

“ಗೊತ್ತ ಮಾಡಾಕ ಬರಂಗಿಲ್ರಿ.”

“ನಿಮ್ಮ ಕಡೆ ಪಾಳಿ ಅದ. ಬ್ಯಾರೆ ರಾಜ್ಯದಾಗ ಅದನೋ ಇಲ್ಲೋ. ನಿಮ್ಮ ಮಾವನ ಹತ್ತು ಮಂದೀನ ಇಡೀ ದೇಶಕ್ಕ ಗುಣಿಸಾಕ ಬರ್ತದೇನು?”

“ಹಂಗಾರ ಈ ಅಂಕಿ ತಪ್ಪು ಅಂತ ಗೊತ್ತಿದ್ದೂ ನಾ ಬರೀಬೇಕೇನ್ರಿ ಸರ್?”

“ಅಂದಾಜು ಅಂತ ಬರಿ. ಇದಕ್ಕಿಂತ ಹೆಚ್ಚಿರಬಹುದು, ಎಷ್ಟು ಹೆಚ್ಚು ಅಂತ ಹೇಳಾಕ ಆಗೂದಿಲ್ಲ ಅಂತ ಮಿತಿಗಳ ಭಾಗದಾಗ ಒಂದು ಪ್ಯಾರಾ ಬರಿ. ಅದಕ್ಕಿಂತ ಹೆಚ್ಚು ನಮ್ಮ ಕೈಯಾಗ ಇಲ್ಲ.”

ಬೈಲಹೊಂಗಲದ ಡಾಕ್ಟರೂ ನನ್ನ ಕೈಯಾಗ ಏನೂ ಉಳಿಯಂಗಿಲ್ಲ ಅಂತ ಇದೇ ಧಾಟಿಯಲ್ಲಿ ಹೇಳಿದ್ದರು. ನಾನು ಪ್ಯಾರಾ ಬರೆದೆ. ಕೆಲವು ಕಡೆ ಗುಂಪಿನಲ್ಲಿ ಸೇದುವವರು ತಾವು ತಂದ ದಿನಗಳನ್ನಷ್ಟೇ ಎಣಿಸುವ ಸಾಧ್ಯತೆಯಿದೆ ಅಂತ. ಸಾಧ್ಯತೆ ಎಂಬ ಶಬ್ದ ಬರೆಯುವಾಗ ಬೆರಳು ನಿಂತಿತು. ಬೇರೆ ಶಬ್ದ ಬಳಸಲು ನನ್ನ ಹತ್ತಿರ ಪುರಾವೆ ಇರಲಿಲ್ಲ, ದೊಡ್ಡಪ್ಪ ಇದ್ದ ಅಷ್ಟೇ. ಒಬ್ಬ ಮನುಷ್ಯನನ್ನು ಸಂಖ್ಯಾಶಾಸ್ತ್ರ ಪುರಾವೆ ಅನ್ನುವುದಿಲ್ಲ. ಹಾಗೆ ಅನ್ನಬಾರದು ಅಂತ ಕಲಿಯಲಿಕ್ಕೇ ನಾನು ಇಷ್ಟು ವರ್ಷ ಓದಿದ್ದು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕರು ಉಳಿದದ್ದನ್ನೆಲ್ಲ ಬಿಟ್ಟು ಆ ಪ್ಯಾರಾವನ್ನೇ ಎರಡು ಸಲ ಓದಿದರು. ಇಡೀ ಕೆಲಸದಲ್ಲಿ ಇದೇ ಹೊಸದು, ಶಹಭಾಸ್ ಅಂದರು. ಇದು ನಿಮಗೆ ಹೊಳೆದದ್ದು ಹೇಗೆ ಅಂತ ಕೇಳಿದರು. ಗುರುತಿನವರನ್ನು ಕೇಳಿದೆ ಸರ್ ಅಂದೆ. ಒಳ್ಳೆಯ ಅಂಕ ಬಂತು. ಹಾಸ್ಟೆಲ್ಲಿನ ಹುಡುಗಿಯರು ಪೇಢೆ ಕೇಳಿದರು, ಕೊಡಿಸಿದೆ. ಅದೇ ವಾರ ದೊಡ್ಡಪ್ಪನಿಗೆ ಬೈಲಹೊಂಗಲದಲ್ಲಿ ಸಲೈನ್ ಹಚ್ಚಿದ್ದರು.

ಘಟಿಕೋತ್ಸವಕ್ಕೆ ಅಪ್ಪ-ಅವ್ವ ಬಂದರು. ಅಷ್ಟು ದೂರ ಬಸ್ಸಿನಲ್ಲಿ ಕುಂದರುವುದು ದೊಡ್ಡಪ್ಪನಿಂದ ಆಗುತ್ತಿರಲಿಲ್ಲ. ವೇದಿಕೆಯ ಮೇಲೆ ಹೆಸರು ಕರೆದಾಗ ತಲೆ ಎತ್ತಿಕೊಂಡೇ ನಡೆದು ಹೋದೆ. ನಮ್ಮ ಮನೆತನದ ಹೆಸರನ್ನು ಅಂಥ ಜಾಗದಲ್ಲಿ, ಅಷ್ಟು ಮಂದಿಯ ಎದುರು, ಮೈಕಿನಲ್ಲಿ ಕರೆದದ್ದು ಅದೇ ಮೊದಲು. ಅವ್ವ ಇಡೀ ದಿನ ಸರ್ಟಿಫಿಕೇಟನ್ನು ಸೀರೆಯ ಸೆರಗಿನಲ್ಲಿ ಸುತ್ತಿ ಹಿಡಿದುಕೊಂಡಿದ್ದಳು, ಯಾರ ಕೈಗೂ ಕೊಡಲಿಲ್ಲ. ಇದು ಮೊದಲು ಭಾವಾರ ಕೈಗೇ ಅಂದಳು.

ಮನೆಗೆ ಬಂದಾಗ ಅವನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಂತಿದ್ದ. ಮೈಮೇಲಿನ ಅಂಗಿ ಬೇರೆಯವರದು ಅನ್ನುವಷ್ಟು ಸಡಿಲಾಗಿತ್ತು. ಕಾಲು ಮುಟ್ಟಿ ನಮಸ್ಕಾರ ಮಾಡಿ ಸರ್ಟಿಫಿಕೇಟು ಅವನ ಕೈಗೆ ಕೊಟ್ಟೆ. ಧೋತರಕ್ಕೆ ಎರಡೂ ಕೈ ಒರೆಸಿಕೊಂಡು ತಗೊಂಡ. ನನ್ನ ಹೆಸರು ಎಲ್ಲಿದೆ ಅಂತ ಕೇಳಿದ, ತೋರಿಸಿದೆ. ಆ ಅಕ್ಷರಗಳ ಕೆಳಗೆ, ಕಾಗದಕ್ಕೆ ತಾಗದ ಹಾಗೆ, ಬೆರಳು ಆಡಿಸಿದ. ಬಹಳ ಹೊತ್ತು ನೋಡಿದ. ಆಮೇಲೆ ಅದನ್ನು ಅವ್ವನ ಕೈಗೆ ಕೊಟ್ಟು, ಹೊಟ್ಟೆಯ ಮೇಲೆ ಅಂಗೈ ಒತ್ತಿ ಹಿಡಿದು, ನನ್ನ ಮುಖ ನೋಡಿದ.

“ನಾ ಬಿಟ್ಟೆ, ನೀ ಪಾಸಾದಿ. ಇಬ್ಬರದೂ ಆತ ಬಿಡವ್ವಾ. ಈಗ ಒಂದ ಹಂಡೆ ನೀರ ಕಾಯಾಕ ಇಡು. ಚೆಂದಾಗಿ ಕುದಿ ಬರಲಿ.”